ಕ್ರಿಸ್ತನ ಪುನರಾಗಮನದ ನಿರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಯೇಸು ಕ್ರಿಸ್ತನು ಮಹಿಮೆಯೊಡನೆ ತಿರುಗಿ ಬರುವನೆಂದು ಕ್ರೈಸ್ತರು ವಿಶ್ವಾಸ ಪ್ರಮಾಣದಲ್ಲಿ ಹೇಳುತ್ತಾರೆ. ಒಂದೇ ಉಸಿರಿನಲ್ಲಿ ಹೇಳಿ ಮುಗಿಯುವ ಈ ಮಾತಿನ ಸುತ್ತ ಎದ್ದಿರುವ ಪ್ರಶ್ನೆಗಳು ಮಾತ್ರ ಮುಗಿಯುವಂಥವಲ್ಲ. ಕೆಲವು ಪ್ರಶ್ನೆಗಳು ಕುತೂಹಲದಿಂದ ಬರುತ್ತವೆ, ಕೆಲವು ಭಯದಿಂದ, ಇನ್ನು ಕೆಲವು ಸಮಾಧಿಯ ಬಳಿ ನಿಂತವರ ದುಃಖದಿಂದ. ಯಾವಾಗ, ಹೇಗೆ, ಯಾವ ಕ್ರಮದಲ್ಲಿ ಎಂಬ ಪ್ರಶ್ನೆಗಳಿಗಿಂತ ಮೊದಲು ಬರುವಾತನು ಯಾರು ಎಂಬುದನ್ನು ಹೊಸ ಒಡಂಬಡಿಕೆ ನಮ್ಮ ಮುಂದೆ ಇಡುತ್ತದೆ. ಕೆಳಗಿನ ಉತ್ತರಗಳನ್ನು ಆ ಕ್ರಮವನ್ನು ಅನುಸರಿಸಿಯೇ ಬರೆಯಲಾಗಿದೆ.

ಕ್ರಿಸ್ತನು ಮತ್ತೆ ಬರುವನೆಂಬ ನಂಬಿಕೆಗೆ ಆಧಾರವೇನು?

ಮೊದಲ ಆಧಾರ ಯೇಸುವಿನ ಮಾತೇ. ಮನುಷ್ಯಕುಮಾರನು ಮೇಘಗಳಲ್ಲಿ ಬಹು ಬಲದಿಂದಲೂ ಮಹಿಮೆಯಿಂದಲೂ ಬರುವುದನ್ನು ಕಾಣುವರೆಂದು ಆತನು ಶಿಷ್ಯರಿಗೆ ಹೇಳಿದನು (ಮಾರ್ಕ 13:26). ಮಹಾಯಾಜಕನ ಮುಂದೆ ಆರೋಪಿಯಾಗಿ ನಿಂತಾಗಲೂ, ಅದರಿಂದ ಮರಣದಂಡನೆ ಖಚಿತವಾಗುವುದೆಂದು ತಿಳಿದಿದ್ದೂ, ದಾನಿಯೇಲನ ಗ್ರಂಥದ ಏಳನೆಯ ಅಧ್ಯಾಯವನ್ನು ನೆನಪಿಸುವ ಆ ಮಾತನ್ನು ಮತ್ತೆ ನುಡಿದನು (ಮಾರ್ಕ 14:62). ಕೊನೆಯ ರಾತ್ರಿ ಶಿಷ್ಯರನ್ನು ಸಂತೈಸುತ್ತಾ, ಸ್ಥಳವನ್ನು ಸಿದ್ಧಪಡಿಸಲು ಹೋಗುವ ತಾನು ತಿರುಗಿ ಬಂದು ಅವರನ್ನು ತನ್ನ ಬಳಿಗೆ ಸೇರಿಸಿಕೊಳ್ಳುವುದಾಗಿ ಮಾತು ಕೊಟ್ಟನು (ಯೋಹಾನ 14:3).

ಇದು ನಂತರದ ತಲೆಮಾರುಗಳು ಸೇರಿಸಿದ ಬೋಧನೆಯೆಂದು ಕೆಲವರು ಭಾವಿಸುತ್ತಾರೆ. ಆದರೆ ಪತ್ರಗಳ ಕಾಲವನ್ನು ನೋಡಿದರೆ ಆ ವಾದ ನಿಲ್ಲುವುದಿಲ್ಲ. ಥೆಸಲೋನಿಕದವರಿಗೆ ಪೌಲನು ಬರೆದ ಮೊದಲ ಪತ್ರವು ಕ್ರಿ.ಶ. 50ರ ಆಸುಪಾಸಿನದು, ಅಂದರೆ ಹೊಸ ಒಡಂಬಡಿಕೆಯ ಅತಿ ಹಳೆಯ ಬರಹಗಳಲ್ಲಿ ಒಂದು. ಅದರ ಐದೂ ಅಧ್ಯಾಯಗಳಲ್ಲಿ, ಹೆಚ್ಚುಕಡಿಮೆ ಪ್ರತಿಯೊಂದರ ಮುಕ್ತಾಯದಲ್ಲಿ, ಕರ್ತನ ಬರೋಣದ ಪ್ರಸ್ತಾಪವಿದೆ. 381ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಸೇರಿದ ಸಭಾಧ್ಯಕ್ಷರು ಅಂಗೀಕರಿಸಿದ ವಿಶ್ವಾಸ ಪ್ರಮಾಣ ಇದನ್ನೇ ಹೇಳಿ, ಆತನ ರಾಜ್ಯಕ್ಕೆ ಅಂತ್ಯವಿಲ್ಲವೆಂದು ಸೇರಿಸಿತು. ಕಥೋಲಿಕರು, ಆರ್ಥೊಡಾಕ್ಸ್ ಸಭೆಗಳವರು, ಪ್ರೊಟೆಸ್ಟೆಂಟರು ಎಷ್ಟೋ ವಿಷಯಗಳಲ್ಲಿ ಭಿನ್ನರಾಗಿದ್ದರೂ ಈ ಒಂದು ವಿಷಯದಲ್ಲಿ ಒಂದೇ ಮಾತನ್ನು ಹೇಳುತ್ತಾರೆ.

ಕ್ರಿಸ್ತನು ಈಗಲೂ ನಮ್ಮ ಸಂಗಡ ಇದ್ದಾನಲ್ಲವೇ? ಹಾಗಿದ್ದರೆ ಮತ್ತೆ ಬರುವುದೆಂದರೇನು?

ಯುಗದ ಸಮಾಪ್ತಿಯವರೆಗೂ ಎಲ್ಲಾ ದಿವಸ ನಿಮ್ಮ ಸಂಗಡ ಇರುವೆನೆಂದು ಹೇಳಿದಾತನೇ ತಿರುಗಿ ಬರುವೆನೆಂದೂ ಹೇಳಿದ್ದಾನೆ. ಎರಡೂ ಮಾತುಗಳು ನಿಜ. ಈಗ ಆತನು ಪವಿತ್ರಾತ್ಮನ ಮೂಲಕ, ನಂಬಿಕೆಯ ಕಣ್ಣಿಗೆ ಮಾತ್ರ ಕಾಣುವಂತೆ, ತನ್ನವರೊಡನೆ ಇದ್ದಾನೆ. ಆ ದಿನ ಮರೆಯಲ್ಲಿರುವುದು ಬಯಲಾಗುತ್ತದೆ. ವಿಶ್ವಾಸಿಗಳ ಜೀವವು ಕ್ರಿಸ್ತನ ಸಂಗಡ ದೇವರಲ್ಲಿ ಮರೆಯಾಗಿದೆಯೆಂದೂ, ಕ್ರಿಸ್ತನು ಪ್ರತ್ಯಕ್ಷನಾಗುವಾಗ ಅವರೂ ಆತನೊಡನೆ ಮಹಿಮೆಯಲ್ಲಿ ಪ್ರತ್ಯಕ್ಷರಾಗುವರೆಂದೂ ಕೊಲೊಸ್ಸೆಯವರಿಗೆ ಬರೆದ ಪತ್ರ ಹೇಳುತ್ತದೆ (3:3-4).

ಇದನ್ನು ಅಕ್ಷರಶಃ ತೆಗೆದುಕೊಳ್ಳಬೇಕೇ, ಅಥವಾ ಇದು ಸಾಂಕೇತಿಕ ಭಾಷೆಯೇ?

ಮೇಘ, ತುತೂರಿ, ಕುದುರೆ, ಕತ್ತಿ ಮುಂತಾದ ಚಿತ್ರಗಳು ಪ್ರವಾದಿಗಳ ಗ್ರಂಥಗಳಿಂದ ಬಂದವು. ಅವುಗಳನ್ನು ಹವಾಮಾನದ ವರದಿಯಂತೆ ಓದುವುದು ಆ ಬರಹಗಳಿಗೆ ಮಾಡುವ ಅನ್ಯಾಯ. ಆದರೆ ಚಿತ್ರಗಳು ಸಾಂಕೇತಿಕವೆಂಬ ಕಾರಣಕ್ಕೆ ಅವು ಸೂಚಿಸುವ ಘಟನೆಯೂ ಸಾಂಕೇತಿಕವೆಂದು ತೀರ್ಮಾನಿಸುವುದು ಆತುರದ ಮಾತು.

ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯದಲ್ಲಿ ಎಣ್ಣೆಮರಗಳ ಗುಡ್ಡದ ಮೇಲೆ ನಡೆದದ್ದನ್ನು ಗಮನವಿಟ್ಟು ನೋಡಬೇಕು. ಯೇಸು ಮೇಲಕ್ಕೆ ಒಯ್ಯಲ್ಪಟ್ಟ ಮೇಲೆ ಶಿಷ್ಯರು ಆಕಾಶದತ್ತ ನೋಡುತ್ತಲೇ ನಿಂತಿದ್ದಾರೆ. ಬಿಳಿ ವಸ್ತ್ರ ತೊಟ್ಟ ಇಬ್ಬರು ಪುರುಷರು ಅವರ ಪಕ್ಕದಲ್ಲಿ ಕಾಣಿಸಿಕೊಂಡು, ಗಲಿಲಾಯದವರೇ, ಯಾಕೆ ಆಕಾಶದ ಕಡೆಗೆ ನೋಡುತ್ತಾ ನಿಂತಿದ್ದೀರಿ ಎಂದು ಕೇಳುತ್ತಾರೆ. ಹೋದ ಈ ಯೇಸುವೇ ಅದೇ ರೀತಿಯಲ್ಲಿ ಬರುವನೆಂದು ಹೇಳುತ್ತಾರೆ. ಅಲ್ಲಿ ಒತ್ತು ಬಿದ್ದಿರುವುದು ‘ಈ ಯೇಸು’ ಎಂಬುದರ ಮೇಲೆ. ಬರುವುದು ಒಂದು ಹೊಸ ತತ್ವವಲ್ಲ, ಮನುಕುಲದ ಪ್ರಗತಿಯ ಮುಂದಿನ ಹಂತವಲ್ಲ, ಬೇರೊಬ್ಬ ಗುರುವೂ ಅಲ್ಲ. ಗಲಿಲಾಯದ ದಡದಲ್ಲಿ ಮೀನು ಸುಟ್ಟು ಶಿಷ್ಯರಿಗೆ ಬಡಿಸಿದ, ಕೈಗಳಲ್ಲಿ ಮೊಳೆಯ ಗಾಯಗಳಿದ್ದ ಅದೇ ವ್ಯಕ್ತಿ. ಉಳಿದ ಪ್ರಶ್ನೆಗಳಿಗೆ ನಾವು ಕೊಡುವ ಉತ್ತರ ಈ ಮಾತಿಗೆ ಹೊಂದದಿದ್ದರೆ ಅದು ಎಷ್ಟೇ ವಿದ್ವತ್ಪೂರ್ಣವಾಗಿದ್ದರೂ ದಾರಿ ತಪ್ಪಿದೆಯೆಂದೇ ಅರ್ಥ.

ಆತನು ಯಾವಾಗ ಬರುತ್ತಾನೆ?

ಆ ದಿನವಾಗಲಿ ಗಳಿಗೆಯಾಗಲಿ ಪರಲೋಕದ ದೂತರಿಗೂ ಮಗನಿಗೂ ತಿಳಿಯದು, ತಂದೆಗೆ ಮಾತ್ರ ತಿಳಿದಿದೆ ಎಂದು ಯೇಸುವೇ ಹೇಳಿದ್ದಾನೆ (ಮಾರ್ಕ 13:32). ಪುನರುತ್ಥಾನದ ನಂತರ ಶಿಷ್ಯರು ಅದೇ ಪ್ರಶ್ನೆಯನ್ನು ಬೇರೆ ರೂಪದಲ್ಲಿ ಕೇಳಿದಾಗ, ಕಾಲಗಳನ್ನೂ ಸಮಯಗಳನ್ನೂ ತಿಳಿಯುವುದು ನಿಮ್ಮ ಕೆಲಸವಲ್ಲ ಎಂದು ಹೇಳಿ, ಸಾಕ್ಷಿಗಳಾಗಿರುವ ಕೆಲಸವನ್ನು ಅವರಿಗೆ ಒಪ್ಪಿಸಿದನು (ಅಪೊಸ್ತಲರ ಕೃತ್ಯಗಳು 1:7-8).

ಇಷ್ಟು ಸ್ಪಷ್ಟವಾದ ಮಾತಿದ್ದರೂ ದಿನಾಂಕ ಹೇಳುವವರಿಗೆ ಯಾವ ಕಾಲದಲ್ಲೂ ಕೊರತೆಯಾಗಿಲ್ಲ. ಅಮೆರಿಕದ ವಿಲಿಯಂ ಮಿಲ್ಲರ್ ಅವರು ದಾನಿಯೇಲನ ಗ್ರಂಥದ 8:14ರಲ್ಲಿರುವ 2300 ಎಂಬ ಸಂಖ್ಯೆಯನ್ನು ವರ್ಷಗಳೆಂದು ಎಣಿಸಿ, 1843ರ ಹೊತ್ತಿಗೆ ಕರ್ತನು ಬರುವನೆಂದು ಸಾರಿದರು. ಆ ಅವಧಿ ದಾಟಿದ ಮೇಲೆ ಅವರ ಚಳವಳಿಯಲ್ಲಿ 1844ರ ಅಕ್ಟೋಬರ್ 22 ಎಂಬ ಖಚಿತ ದಿನಾಂಕ ಹುಟ್ಟಿಕೊಂಡಿತು. ಬೆಳೆಯನ್ನು ಕೊಯ್ಯದೆ ಹೊಲದಲ್ಲೇ ಬಿಟ್ಟು ಕಾದವರಿದ್ದರು. ಮರುದಿನವೂ ಸೂರ್ಯ ಎಂದಿನಂತೆ ಹುಟ್ಟಿದನು. ಚರಿತ್ರೆಯಲ್ಲಿ ಆ ದಿನಕ್ಕೆ ‘ಮಹಾ ನಿರಾಶೆ’ ಎಂಬ ಹೆಸರೇ ಉಳಿಯಿತು. ನಮ್ಮ ಕಾಲದಲ್ಲಿ ಹೆರಾಲ್ಡ್ ಕ್ಯಾಂಪಿಂಗ್ ಎಂಬ ರೇಡಿಯೋ ಬೋಧಕರು 2011ರ ಮೇ 21 ಎಂದರು, ಅದು ಸುಳ್ಳಾದಾಗ ಅಕ್ಟೋಬರ್ 21 ಎಂದರು, 2012ರಲ್ಲಿ ತಮ್ಮ ಆ ಘೋಷಣೆ ಪಾಪವೆಂದು ಒಪ್ಪಿಕೊಂಡರು.

ಇವರೆಲ್ಲರೂ ಮೋಸಗಾರರಾಗಿರಲಿಲ್ಲ. ಮಿಲ್ಲರ್ ಅವರಂತೂ ಬೈಬಲನ್ನು ಶ್ರದ್ಧೆಯಿಂದ ಓದಿದವರು. ಅದಕ್ಕಾಗಿಯೇ ಈ ಚರಿತ್ರೆಯಿಂದ ಕಲಿಯಬೇಕಾದದ್ದು ಹೆಚ್ಚು: ತಂದೆ ತನ್ನ ಅಧಿಕಾರದಲ್ಲಿ ಇಟ್ಟುಕೊಂಡದ್ದನ್ನು ಶ್ರದ್ಧೆಯೂ ಬಿಡಿಸಲಾರದು, ಲೆಕ್ಕವೂ ಬಿಡಿಸಲಾರದು.

ಹಾಗಾದರೆ ಯೇಸು ಹೇಳಿದ ಗುರುತುಗಳು ಯಾವುದಕ್ಕೆ?

ಮಾರ್ಕ 13ನೆಯ ಅಧ್ಯಾಯವನ್ನು ಓದುವ ಅನೇಕರು ಯುದ್ಧ, ಭೂಕಂಪ, ಬರ ಎಂಬ ಪಟ್ಟಿಯನ್ನಷ್ಟೇ ಎತ್ತಿಕೊಂಡು ಆಯಾ ವರ್ಷದ ಸುದ್ದಿಗೆ ಹೋಲಿಸಿ ನೋಡುತ್ತಾರೆ. ಆ ಪಟ್ಟಿಗೆ ಯೇಸು ಸೇರಿಸಿದ ಮಾತುಗಳನ್ನು ಬಿಟ್ಟುಬಿಡುತ್ತಾರೆ. ಯಾರೂ ನಿಮ್ಮನ್ನು ಮೋಸಗೊಳಿಸದಂತೆ ನೋಡಿಕೊಳ್ಳಿರಿ ಎಂಬುದು ಆ ಉಪದೇಶದ ಮೊದಲ ವಾಕ್ಯ. ಯುದ್ಧಗಳ ಸುದ್ದಿ ಕೇಳುವಾಗ ಕಳವಳಪಡಬೇಡಿರಿ, ಅವು ಆಗಲೇಬೇಕು, ಆದರೂ ಇನ್ನೂ ಅಂತ್ಯವಲ್ಲ ಎಂಬುದು ಅದರ ಬೆನ್ನಿಗೇ ಬರುವ ಮಾತು. ಅಂದರೆ ಯುದ್ಧದ ಸುದ್ದಿಯನ್ನು ಅಂತ್ಯದ ಗಡಿಯಾರವೆಂದು ತಿಳಿಯಬೇಡಿರಿ ಎಂದು ಹೇಳಲು ಕೊಟ್ಟ ವಾಕ್ಯವನ್ನೇ ಹಲವರು ಗಡಿಯಾರವಾಗಿ ಮಾಡಿಕೊಂಡಿದ್ದಾರೆ.

ಆ ಗುರುತುಗಳು ಪ್ರಸವವೇದನೆಯ ಪ್ರಾರಂಭ ಎಂದೂ ಆತನು ಹೇಳಿದನು. ಲೋಕದ ನೋವು ಅರ್ಥವಿಲ್ಲದ ನರಳಾಟವಲ್ಲ, ಅದು ಏನನ್ನೋ ಹೆರುವ ನೋವು ಎಂಬ ಭರವಸೆ ಅದರಲ್ಲಿದೆ. ಸುವಾರ್ತೆ ಎಲ್ಲಾ ಜನಾಂಗಗಳಿಗೆ ಸಾರಲ್ಪಡಬೇಕೆಂಬುದೊಂದೇ ಆ ಗುರುತುಗಳಲ್ಲಿ ಸಭೆಗೆ ಕೆಲಸವನ್ನು ಹಚ್ಚುವಂಥದು.

‘ಈ ಸಂತತಿಯು ಅಳಿದುಹೋಗುವುದಿಲ್ಲ’ ಎಂದ ಯೇಸುವಿನ ಮಾತು ತಪ್ಪಾಯಿತೇ?

ಇದು ಸುಲಭದ ಪ್ರಶ್ನೆಯಲ್ಲ, ಇದನ್ನು ನಂಬಿಕೆಯ ಕೊರತೆಯೆಂದು ತಳ್ಳಿಹಾಕಲೂಬಾರದು. ಇದೆಲ್ಲಾ ಆಗುವ ತನಕ ಈ ಸಂತತಿ ಅಳಿದುಹೋಗುವುದಿಲ್ಲವೆಂದು ಮಾರ್ಕ 13:30ರಲ್ಲಿದೆ. ಆ ಉಪದೇಶ ಆರಂಭವಾದದ್ದು ದೇವಾಲಯದ ಬೃಹತ್ ಕಲ್ಲುಗಳನ್ನು ಕಂಡು ಬೆರಗಾದ ಒಬ್ಬ ಶಿಷ್ಯನ ಮಾತಿನಿಂದ, ಮತ್ತು ಕಲ್ಲಿನ ಮೇಲೆ ಕಲ್ಲು ಉಳಿಯದು ಎಂಬ ಯೇಸುವಿನ ಉತ್ತರದಿಂದ. ಕ್ರಿ.ಶ. 70ರಲ್ಲಿ ತೀತನ ನೇತೃತ್ವದ ರೋಮನ್ ಸೈನ್ಯ ಯೆರೂಸಲೇಮನ್ನು ಹಿಡಿದು ದೇವಾಲಯವನ್ನು ನಾಶಮಾಡಿತು. ಆ ಮಾತನ್ನು ಕೇಳಿದವರ ತಲೆಮಾರಿನ ಅನೇಕರು ಆಗ ಬದುಕಿದ್ದರು. ಆದ್ದರಿಂದ ‘ಇದೆಲ್ಲಾ’ ಎಂಬುದು ಮುಖ್ಯವಾಗಿ ದೇವಾಲಯದ ನಾಶವನ್ನೂ ಅದರ ಸುತ್ತಣ ಸಂಕಟಗಳನ್ನೂ ಸೂಚಿಸುತ್ತದೆಂದು ಅನೇಕ ವ್ಯಾಖ್ಯಾನಕಾರರು ಹೇಳುತ್ತಾರೆ. ‘ಸಂತತಿ’ ಎಂದರೆ ಯೆಹೂದ್ಯ ಜನಾಂಗ ಅಥವಾ ನಂಬದ ಮನುಷ್ಯವರ್ಗ ಎನ್ನುವವರೂ ಇದ್ದಾರೆ. ಮೊದಲನೆಯ ವಿವರಣೆಯೇ ಸಂದರ್ಭಕ್ಕೆ ಹೆಚ್ಚು ಹೊಂದುತ್ತದೆಂಬುದು ಈ ಲೇಖಕನ ಅಭಿಪ್ರಾಯ. ಎರಡೇ ವಾಕ್ಯಗಳ ನಂತರ, ಆ ದಿನವು ತನಗೂ ತಿಳಿಯದೆಂದು ಹೇಳಿದಾತನು ಇಲ್ಲಿ ಅದರ ಗಡುವನ್ನು ಕೊಟ್ಟನೆಂದು ಓದುವುದು ಕಷ್ಟ.

ಎರಡು ಸಾವಿರ ವರ್ಷವಾದರೂ ಆತನು ಏಕೆ ಬಂದಿಲ್ಲ?

ಈ ಪ್ರಶ್ನೆ ನಮ್ಮ ಕಾಲದ್ದೆಂದು ನಾವು ಭಾವಿಸುತ್ತೇವೆ; ಪೇತ್ರನ ಎರಡನೆಯ ಪತ್ರದ ಹೊತ್ತಿಗೇ ಅದು ಹಳೆಯದಾಗಿತ್ತು. ಆತನ ಬರೋಣದ ವಾಗ್ದಾನ ಎಲ್ಲಿ ಹೋಯಿತು, ಪಿತೃಗಳು ಸತ್ತ ಮೇಲೂ ಎಲ್ಲವೂ ಇದ್ದ ಹಾಗೆಯೇ ಇದೆಯಲ್ಲಾ ಎಂದು ಹಾಸ್ಯಮಾಡುವವರ ಮಾತನ್ನು ಆ ಪತ್ರ ಮುಚ್ಚಿಡದೆ ದಾಖಲಿಸಿದೆ. ಕರ್ತನಿಗೆ ಒಂದು ದಿನ ಸಾವಿರ ವರ್ಷದಂತೆಯೂ ಸಾವಿರ ವರ್ಷ ಒಂದು ದಿನದಂತೆಯೂ ಇವೆ ಎಂಬುದು 90ನೆಯ ಕೀರ್ತನೆಯ ಜಾಡಿನಲ್ಲಿ ಅದು ಕೊಡುವ ಉತ್ತರ. ಇದನ್ನೂ ಗುಣಾಕಾರಕ್ಕೆ ಬಳಸಿಕೊಂಡು, ಸೃಷ್ಟಿಯಿಂದ ಆರು ಸಾವಿರ ವರ್ಷವೆಂದು ಲೆಕ್ಕ ಹಾಕುವವರು ಇದ್ದಾರೆ. ಪತ್ರದ ಉದ್ದೇಶ ಅದಕ್ಕೆ ತದ್ವಿರುದ್ಧವಾದದ್ದು: ನಮ್ಮ ಅಳತೆಗೋಲಿನಿಂದ ಆತನ ಕಾಲವನ್ನು ಅಳೆಯಲಾಗದು ಎಂಬುದು.

ಆ ಮೇಲೆ ಪತ್ರ ನಿಜವಾದ ಕಾರಣವನ್ನು ಹೇಳುತ್ತದೆ. ಕರ್ತನು ತಡಮಾಡುತ್ತಿಲ್ಲ, ದೀರ್ಘಶಾಂತಿಯುಳ್ಳವನಾಗಿದ್ದಾನೆ. ಯಾವನಾದರೂ ನಾಶವಾಗುವುದು ಆತನಿಗೆ ಇಷ್ಟವಿಲ್ಲ, ಎಲ್ಲರೂ ಮಾನಸಾಂತರಕ್ಕೆ ಬರಬೇಕೆಂಬುದು ಆತನ ಬಯಕೆ (2 ಪೇತ್ರ 3:9). ನಾವು ವಿಳಂಬವೆಂದು ಕರೆಯುವುದನ್ನು ಪತ್ರವು ಕರುಣೆಯೆಂದು ಕರೆಯುತ್ತದೆ. ನೂರು ವರ್ಷಗಳ ಹಿಂದೆಯೇ ಆ ದಿನ ಬಂದಿದ್ದರೆ ಇದನ್ನು ಓದುತ್ತಿರುವವರಾರೂ ಹುಟ್ಟಿಯೇ ಇರುತ್ತಿರಲಿಲ್ಲ.

ಆತನು ಬರುವ ಮುನ್ನವೇ ತೀರಿಹೋದ ನಮ್ಮವರ ಗತಿಯೇನು?

ಪುನರಾಗಮನದ ಬಗ್ಗೆ ಅತಿ ಹೆಚ್ಚು ಉಲ್ಲೇಖಿಸಲಾಗುವ ವಾಕ್ಯಭಾಗ ಹುಟ್ಟಿದ್ದೇ ಈ ಪ್ರಶ್ನೆಯಿಂದ. ಪೌಲನು ಥೆಸಲೋನಿಕದಲ್ಲಿ ಇದ್ದದ್ದು ಸ್ವಲ್ಪ ಕಾಲ. ಗಲಭೆ ಎದ್ದ ಕಾರಣ ಸಹೋದರರು ಅವನನ್ನು ರಾತ್ರಿಯಲ್ಲೇ ಊರಿನಿಂದ ಕಳುಹಿಸಿಬಿಟ್ಟರು. ವಿಗ್ರಹಗಳನ್ನು ಬಿಟ್ಟು ದೇವರ ಕಡೆಗೆ ತಿರುಗಿಕೊಂಡು ಪರಲೋಕದಿಂದ ಬರುವ ಮಗನನ್ನು ಎದುರುನೋಡುತ್ತಿದ್ದ ಆ ಹೊಸ ಸಭೆಯಲ್ಲಿ, ಕಾಯುತ್ತಿರುವಾಗಲೇ ಕೆಲವರು ಸತ್ತರು. ಕಾದವರು ಕಾಣುವುದನ್ನು ಸತ್ತವರು ಕಾಣದೆ ಹೋದರೋ ಎಂಬ ಕಳವಳ ಉಳಿದವರನ್ನು ಹಿಡಿಯಿತು.

ಪೌಲನ ಉತ್ತರ 1 ಥೆಸಲೋನಿಕ 4:13-18ರಲ್ಲಿದೆ. ನಿರೀಕ್ಷೆಯಿಲ್ಲದ ಇತರರಂತೆ ದುಃಖಿಸಬಾರದೆಂದು ಅವನು ಬರೆಯುತ್ತಾನೆ, ದುಃಖಿಸಲೇಬಾರದೆಂದು ಬರೆಯುವುದಿಲ್ಲ. ಲಾಜರನ ಸಮಾಧಿಯ ಬಳಿ ಯೇಸುವೇ ಕಣ್ಣೀರು ಬಿಟ್ಟಿರುವಾಗ, ಸಾವಿನ ಮನೆಯಲ್ಲಿ ಅಳುವವರನ್ನು ನಂಬಿಕೆಯ ಹೆಸರಿನಲ್ಲಿ ಗದರುವವರಿಗೆ ಈ ವಾಕ್ಯದಿಂದ ಬೆಂಬಲ ಸಿಗುವುದಿಲ್ಲ. ಯೇಸು ಸತ್ತು ಎದ್ದನೆಂದು ನಂಬುವೆವಾದರೆ ಆತನಲ್ಲಿ ನಿದ್ರೆಹೋದವರನ್ನೂ ದೇವರು ಆತನೊಡನೆ ಕರೆತರುವನು ಎಂಬುದು ಅವನ ವಾದ. ಬದುಕಿರುವವರು ಸತ್ತವರಿಗಿಂತ ಮುಂದಾಗುವುದಿಲ್ಲ; ಕ್ರಿಸ್ತನಲ್ಲಿ ಸತ್ತವರೇ ಮೊದಲು ಏಳುವರು, ಅನಂತರ ಎಲ್ಲರೂ ಒಟ್ಟಾಗಿ ಕರ್ತನನ್ನು ಎದುರುಗೊಳ್ಳುವರು, ಸದಾಕಾಲ ಆತನ ಜೊತೆಯಲ್ಲಿ ಇರುವರು. ಹಿಂದೆ ಬಿದ್ದರೆಂದು ಯಾರಿಗಾಗಿ ಅಳುತ್ತಿದ್ದರೋ ಅವರೇ ಸಾಲಿನಲ್ಲಿ ಮುಂದೆ ನಿಂತಿದ್ದಾರೆ.

ಈ ಭಾಗದ ಕೊನೆಯ ವಾಕ್ಯ ಒಂದು ಆಜ್ಞೆ. ಈ ಮಾತುಗಳಿಂದ ಕಾಲವನ್ನು ಲೆಕ್ಕ ಹಾಕಿರಿ ಎಂದಾಗಲಿ, ಜನರನ್ನು ಹೆದರಿಸಿರಿ ಎಂದಾಗಲಿ ಅಲ್ಲಿಲ್ಲ. ಒಬ್ಬರನ್ನೊಬ್ಬರು ಸಂತೈಸಿರಿ ಎಂದಿದೆ.

ಸತ್ತ ಮೇಲೆ ಆತ್ಮ ಪರಲೋಕಕ್ಕೆ ಹೋಗುವುದೇ ಕ್ರೈಸ್ತ ನಿರೀಕ್ಷೆಯಲ್ಲವೇ?

ಅದು ನಿರೀಕ್ಷೆಯ ಒಂದು ಭಾಗ, ಪೂರ್ಣರೂಪವಲ್ಲ. ತಾನು ಹೊರಟುಹೋಗಿ ಕ್ರಿಸ್ತನೊಂದಿಗೆ ಇರುವುದು ಬಹಳ ಉತ್ತಮವೆಂದು ಪೌಲನು ಫಿಲಿಪ್ಪಿಯವರಿಗೆ ಬರೆದಿದ್ದಾನೆ. ಅದೇ ಪತ್ರದಲ್ಲಿ, ಪರಲೋಕದಿಂದ ಬರುವ ರಕ್ಷಕನು ನಮ್ಮ ದೀನಾವಸ್ಥೆಯ ದೇಹವನ್ನು ತನ್ನ ಮಹಿಮೆಯ ದೇಹದಂತೆ ರೂಪಾಂತರಪಡಿಸುವನೆಂದು ಇನ್ನೂ ಹೆಚ್ಚಿನದನ್ನು ಎದುರುನೋಡುತ್ತಾನೆ (3:20-21). 1 ಕೊರಿಂಥ 15ನೆಯ ಅಧ್ಯಾಯ ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲು: ಕಾಳು ಬಿತ್ತಲ್ಪಟ್ಟು ಬೇರೆ ರೂಪದಲ್ಲಿ ಏಳುವಂತೆ, ನಾಶವಾಗುವ ದೇಹ ನಾಶವಾಗದ ದೇಹವಾಗಿ ಏಳುತ್ತದೆ. ದೇಹವನ್ನು ಸೆರೆಮನೆಯೆಂದು ಭಾವಿಸಿ ಅದರಿಂದ ಬಿಡುಗಡೆಯನ್ನು ಹಾರೈಸುವ ಚಿಂತನೆಗಳು ಹಳೆಯ ಗ್ರೀಕ್ ಲೋಕದಲ್ಲಿಯೂ ಇದ್ದವು; ಅಥೇನೆಯಲ್ಲಿ ಸತ್ತವರ ಪುನರುತ್ಥಾನದ ಮಾತು ಬಂದಾಗ ಕೆಲವರು ನಕ್ಕದ್ದು ಅದಕ್ಕೇ ಇರಬೇಕು.

ಈ ಭೂಮಿ ಸುಟ್ಟು ಬೂದಿಯಾಗುವುದಾದರೆ ಅದನ್ನು ಕಾಪಾಡುವುದೇಕೆ?

ಬೆಂಕಿಯ ಚಿತ್ರ 2 ಪೇತ್ರ 3ರಲ್ಲಿ ಇದೆ ನಿಜ. ಆದರೆ ಅದೇ ಅಧ್ಯಾಯ ಜಲಪ್ರಳಯದಲ್ಲಿಯೂ ಲೋಕ ನಾಶವಾಯಿತೆಂದು ಹೇಳುತ್ತದೆ, ಮತ್ತು ಪ್ರಳಯದ ನಂತರ ನೋಹನು ಕಾಲಿಟ್ಟದ್ದು ಇದೇ ಭೂಮಿಯ ಮೇಲೆ. ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿ ಸೃಷ್ಟಿಯೆಲ್ಲಾ ನರಳುತ್ತಾ, ನಾಶದ ದಾಸತ್ವದಿಂದ ಬಿಡುಗಡೆಯಾಗುವ ದಿನವನ್ನು ಎದುರುನೋಡುತ್ತದೆ. ಬೈಬಲಿನ ಕೊನೆಯ ಗ್ರಂಥವಾದ ಪ್ರಕಟನೆಯ ಕೊನೆಯ ದರ್ಶನದಲ್ಲಿ ಮನುಷ್ಯರು ಮೇಲಕ್ಕೆ ಏರಿಹೋಗುವುದಿಲ್ಲ, ಪರಿಶುದ್ಧ ಪಟ್ಟಣವೇ ಕೆಳಗಿಳಿದು ಬರುತ್ತದೆ; ದೇವರ ವಾಸಸ್ಥಾನ ಮನುಷ್ಯರೊಂದಿಗೆ ಇರುತ್ತದೆ. ದೇವರು ಬಿಟ್ಟುಕೊಡದ ಸೃಷ್ಟಿಯನ್ನು ಹಾಳುಗೆಡವಲು ಪುನರಾಗಮನದ ನಿರೀಕ್ಷೆಯನ್ನು ನೆಪ ಮಾಡಿಕೊಳ್ಳುವಂತಿಲ್ಲ.

ಸಾವಿರ ವರ್ಷದ ಆಳಿಕೆ ಎಂದರೇನು?

ಪ್ರಕಟನೆ 20ನೆಯ ಅಧ್ಯಾಯದ ಮೊದಲ ಕೆಲವು ವಚನಗಳಲ್ಲಿ ಮಾತ್ರ ಬರುವ ಈ ವಿಷಯದ ಬಗ್ಗೆ ಮೂರು ಮುಖ್ಯ ಅಭಿಪ್ರಾಯಗಳಿವೆ. ಕ್ರಿಸ್ತನು ಮೊದಲು ಬಂದು ಆಮೇಲೆ ಭೂಮಿಯ ಮೇಲೆ ಸಾವಿರ ವರ್ಷ ಆಳುವನೆಂದು ಕೆಲವರು ಹೇಳುತ್ತಾರೆ. ಸುವಾರ್ತೆಯ ಪ್ರಭಾವದಿಂದ ದೀರ್ಘವಾದ ಒಳ್ಳೆಯ ಕಾಲ ಬಂದ ಮೇಲೆ ಆತನು ಬರುವನೆಂಬುದು ಎರಡನೆಯ ಅಭಿಪ್ರಾಯ. ಆ ಸಾವಿರ ವರ್ಷ ಎಂಬುದು ಮೊದಲ ಬರೋಣಕ್ಕೂ ಎರಡನೆಯದಕ್ಕೂ ನಡುವಿನ ಇಡೀ ಸಭಾಯುಗದ ಸಂಕೇತವೆಂಬುದು ಮೂರನೆಯದು. 5ನೆಯ ಶತಮಾನದ ಆರಂಭದಲ್ಲಿ ಹಿಪ್ಪೋದ ಅಗಸ್ಟೀನನು ಈ ರೀತಿ ವಿವರಿಸಿದ ಮೇಲೆ ಪಶ್ಚಿಮದ ಸಭೆಯಲ್ಲಿ ಬಹುಕಾಲ ಇದೇ ಪ್ರಬಲವಾಗಿತ್ತು.

ಮೊದಲನೆಯ ಅಭಿಪ್ರಾಯವನ್ನು ಹಿಡಿದಿದ್ದ 2ನೆಯ ಶತಮಾನದ ಜಸ್ಟಿನನ ಒಂದು ಮಾತು ಇಲ್ಲಿ ಸ್ಮರಣೀಯ. ತಾನು ಹೀಗೆ ನಂಬಿದರೂ, ಶುದ್ಧವಾದ ಭಕ್ತಿಯುಳ್ಳ ಅನೇಕ ಕ್ರೈಸ್ತರು ಬೇರೆ ರೀತಿ ಭಾವಿಸುತ್ತಾರೆಂದು ಅವನು ಬರೆದಿಟ್ಟಿದ್ದಾನೆ. ಈ ವಿಷಯದಲ್ಲಿ ಸಭೆಗಳನ್ನು ಒಡೆದುಕೊಂಡ ನಂತರದ ಕಾಲದವರಿಗೆ ಆ ಸೌಜನ್ಯ ಇದ್ದಿದ್ದರೆ ಚೆನ್ನಾಗಿತ್ತು.

ವಿಶ್ವಾಸಿಗಳು ಗುಟ್ಟಾಗಿ ಎತ್ತಲ್ಪಡುವರೇ?

ಅಂತ್ಯಕಾಲದ ಮಹಾ ಸಂಕಟಕ್ಕೆ ಮೊದಲು ಸಭೆ ಮೇಲಕ್ಕೆ ಎತ್ತಲ್ಪಡುತ್ತದೆ, ಕೆಲವು ವರ್ಷಗಳ ನಂತರ ಕ್ರಿಸ್ತನು ಎಲ್ಲರಿಗೂ ಕಾಣುವಂತೆ ಬರುತ್ತಾನೆ ಎಂಬ ಎರಡು ಹಂತಗಳ ಬೋಧನೆ ವ್ಯಾಪಕವಾಗಿ ಹರಡಿದ್ದು 19ನೆಯ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿಯವರ ಮೂಲಕ, ಮತ್ತು 1909ರಲ್ಲಿ ಪ್ರಕಟವಾದ ಸ್ಕೋಫೀಲ್ಡ್ ಅವರ ಟಿಪ್ಪಣಿಸಹಿತ ಬೈಬಲಿನ ಮೂಲಕ. ಇಂದು ಅನೇಕ ಸುವಾರ್ತಿಕ ಹಾಗೂ ಪೆಂಟೆಕೋಸ್ಟಲ್ ಸಭೆಗಳು ಇದನ್ನು ಕಲಿಸುತ್ತವೆ. ಕಥೋಲಿಕ, ಆರ್ಥೊಡಾಕ್ಸ್ ಹಾಗೂ ಬಹುಪಾಲು ಹಳೆಯ ಪ್ರೊಟೆಸ್ಟೆಂಟ್ ಸಭೆಗಳು ಎತ್ತಲ್ಪಡುವಿಕೆಯನ್ನೂ ಬರೋಣವನ್ನೂ ಒಂದೇ ಘಟನೆಯೆಂದು ತಿಳಿಯುತ್ತವೆ.

ಆಧಾರವಾಗಿ ಕೊಡುವ 1 ಥೆಸಲೋನಿಕ 4:16-17ರಲ್ಲಿ ಆಜ್ಞಾಘೋಷವಿದೆ, ಪ್ರಧಾನದೂತನ ಧ್ವನಿಯಿದೆ, ತುತೂರಿಯಿದೆ, ಗುಟ್ಟಿನ ಸುಳಿವಿಲ್ಲ. ಎದುರುಗೊಳ್ಳುವುದೆಂದರೆ ಹೊರಗೆ ಬಂದು ಬರುವವರನ್ನು ಸ್ವಾಗತಿಸಿ ಜೊತೆಯಲ್ಲೇ ಒಳಗೆ ಕರೆತರುವುದು. ಯೇಸು ಹೇಳಿದ ಒಂದು ಸಾಮ್ಯದಲ್ಲಿ ಮದಲಿಂಗನನ್ನು ಎದುರುಗೊಳ್ಳಲು ಹೋಗಿ ಸಿದ್ಧರಾಗಿದ್ದ ಕನ್ಯೆಯರು ಅವನ ಸಂಗಡ ಮದುವೆಯ ಮನೆಗೆ ಬಂದರು. ಸೆರೆಯಾಳಾಗಿ ಬಂದ ಪೌಲನನ್ನು ರೋಮಿನ ಸಹೋದರರು ಊರಿನಿಂದ ಬಹುದೂರ ಬಂದು ಎದುರುಗೊಂಡರು, ಅಲ್ಲಿಂದ ಅವನು ಧೈರ್ಯಗೊಂಡು ರೋಮಿಗೆ ಸಾಗಿದನು. ಆದ್ದರಿಂದ ಈ ವಾಕ್ಯವು ಲೋಕದಿಂದ ತಪ್ಪಿಸಿಕೊಂಡು ಹೋಗುವುದನ್ನು ಹೇಳುತ್ತಿಲ್ಲ, ಬರುವ ಅರಸನ ಸ್ವಾಗತವನ್ನು ಹೇಳುತ್ತಿದೆ ಎಂಬ ವಿವರಣೆ ಹೆಚ್ಚು ಸಮಂಜಸ. ಇದನ್ನು ಒಪ್ಪದವರೂ ಅದೇ ಕರ್ತನಿಗಾಗಿ ಕಾಯುತ್ತಿದ್ದಾರೆ.

ಕ್ರಿಸ್ತವಿರೋಧಿ ಯಾರು?

ಅಂತ್ಯಕಾಲದಲ್ಲಿ ಒಬ್ಬ ಅಧರ್ಮಸ್ವರೂಪನು ಬಯಲಾಗುವನೆಂದು 2 ಥೆಸಲೋನಿಕ 2 ಹೇಳುತ್ತದೆ. ಕ್ರಿಸ್ತವಿರೋಧಿಗಳು ಈಗಾಗಲೇ ಬಹುಮಂದಿ ಎದ್ದಿದ್ದಾರೆಂದು ಯೋಹಾನನ ಮೊದಲ ಪತ್ರ ಹೇಳುತ್ತದೆ. ಚಕ್ರವರ್ತಿಗಳಿಂದ ಹಿಡಿದು ಪೋಪರವರೆಗೆ, ಸರ್ವಾಧಿಕಾರಿಗಳವರೆಗೆ, ಈ ಹೆಸರನ್ನು ಹಚ್ಚಿಸಿಕೊಂಡವರ ಪಟ್ಟಿ ಬಹಳ ಉದ್ದವಾಗಿದೆ. ತನಗೆ ಆಗದವರ ಮೇಲೆ ಈ ಹೆಸರನ್ನು ಎಸೆಯುವುದು ಸುಲಭ. ಹಾಗೆ ಮಾಡಲು ಆ ಪತ್ರಗಳು ಅಪ್ಪಣೆ ಕೊಡುವುದಿಲ್ಲ.

ನ್ಯಾಯತೀರ್ಪಿನ ಮಾತು ಕೇಳಿದರೆ ಭಯವಾಗುತ್ತದೆ. ಇದರಲ್ಲಿ ನಿರೀಕ್ಷೆ ಎಲ್ಲಿದೆ?

ನಾವೆಲ್ಲರೂ ಕ್ರಿಸ್ತನ ನ್ಯಾಯಾಸನದ ಮುಂದೆ ನಿಲ್ಲಬೇಕೆಂದು ಪೌಲನು ಯಾವ ಮುಚ್ಚುಮರೆಯೂ ಇಲ್ಲದೆ ಬರೆದಿದ್ದಾನೆ (2 ಕೊರಿಂಥ 5:10). ಈ ಮಾತನ್ನು ಮೆತ್ತಗೆ ಮಾಡಿ ಹೇಳುವುದರಿಂದ ಯಾರಿಗೂ ಉಪಕಾರವಾಗದು. ಭಯವನ್ನು ಕೆರಳಿಸಿ ಜನರನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಪ್ರಸಂಗವೂ ಅಷ್ಟೇ ತಪ್ಪು.

ಕೀರ್ತನೆಗಳನ್ನು ಓದಿದರೆ ನ್ಯಾಯತೀರ್ಪಿನ ಬೇರೊಂದು ಮುಖ ಕಾಣುತ್ತದೆ. 96ನೆಯ ಕೀರ್ತನೆಯಲ್ಲಿ ಯೆಹೋವನು ಭೂಮಿಗೆ ನ್ಯಾಯತೀರಿಸಲು ಬರುವನೆಂಬ ಕಾರಣಕ್ಕೇ ಹೊಲಗಳು ಉಲ್ಲಾಸಿಸುತ್ತವೆ, ವನದ ಮರಗಳು ಹರ್ಷಧ್ವನಿ ಮಾಡುತ್ತವೆ. ದೂರು ಕೊಡಲು ಎಲ್ಲಿಯೂ ಜಾಗವಿಲ್ಲದವನಿಗೆ, ತನ್ನ ಮೇಲೆ ನಡೆದ ಅನ್ಯಾಯ ದಾಖಲಾಗದೆಯೇ ಮುಚ್ಚಿಹೋದವನಿಗೆ, ನ್ಯಾಯಾಧಿಪತಿ ಬರುತ್ತಾನೆ ಎಂಬುದು ಶುಭವಾರ್ತೆ. ಪ್ರಕಟನೆ 6ರಲ್ಲಿ ಯಜ್ಞವೇದಿಯ ಕೆಳಗಿನಿಂದ ಹತಸಾಕ್ಷಿಗಳು ‘ಎಷ್ಟು ಕಾಲ?’ ಎಂದು ಕೂಗುತ್ತಾರೆ. ಆ ಕೂಗಿಗೆ ಉತ್ತರವೇ ಬಾರದಿದ್ದರೆ ಲೋಕದಲ್ಲಿ ಕೊಲೆಗಾರನ ಮಾತೇ ಕೊನೆಯ ಮಾತಾಗಿ ಉಳಿಯುತ್ತದೆ.

ಇನ್ನು ನಾವೇ ತಪ್ಪಿತಸ್ಥರಾಗಿ ನಿಲ್ಲುವ ವಿಷಯ. ಆ ಆಸನದಲ್ಲಿ ಕುಳಿತಿರುವಾತನು ಯಾರು ಎಂಬುದರಲ್ಲಿ ಉತ್ತರವಿದೆ. ಪ್ರಕಟನೆ 5ರಲ್ಲಿ ಯೂದಕುಲದ ಸಿಂಹವು ಜಯಹೊಂದಿದೆಯೆಂದು ಯೋಹಾನನಿಗೆ ಹೇಳಲಾಗುತ್ತದೆ. ಅವನು ತಿರುಗಿ ನೋಡಿದಾಗ ಕಾಣುವುದು ವಧಿಸಲ್ಪಟ್ಟಂತಿರುವ ಕುರಿಮರಿ. ತಂದೆಯು ನ್ಯಾಯತೀರಿಸುವ ಅಧಿಕಾರವನ್ನೆಲ್ಲಾ ಒಪ್ಪಿಸಿರುವುದು ಪಾಪಿಗಳಿಗಾಗಿ ಪ್ರಾಣಕೊಟ್ಟ ಮಗನಿಗೆ. ಆತನಲ್ಲಿ ಭರವಸೆಯಿಟ್ಟವರಿಗೆ ನ್ಯಾಯತೀರ್ಪಿನ ದಿನದಲ್ಲಿ ಧೈರ್ಯವಿರುವುದೆಂದು 1 ಯೋಹಾನ 4:17 ಹೇಳುವುದು ಅವರು ನಿರ್ದೋಷಿಗಳಾಗಿ ಬದುಕಿದರೆಂಬ ಕಾರಣಕ್ಕಲ್ಲ, ಆತನ ಪ್ರೀತಿಯಲ್ಲಿ ನೆಲೆಗೊಂಡಿದ್ದಾರೆಂಬ ಕಾರಣಕ್ಕೆ.

ಈ ನಿರೀಕ್ಷೆ ಜನರನ್ನು ಸೋಮಾರಿಗಳನ್ನಾಗಿ ಮಾಡುವುದಿಲ್ಲವೇ?

ಮಾಡಬಹುದು, ಒಮ್ಮೆ ಮಾಡಿತೆಂದೂ ತೋರುತ್ತದೆ. ಥೆಸಲೋನಿಕದಲ್ಲಿ ಕೆಲವರು ಕೆಲಸ ಬಿಟ್ಟು ಇತರರ ವಿಷಯದಲ್ಲಿ ತಲೆಹಾಕುತ್ತಾ ತಿರುಗುತ್ತಿದ್ದರು. ಬರೋಣದ ಬಗೆಗಿನ ಉದ್ವೇಗವೇ ಇದಕ್ಕೆ ಕಾರಣವಾಗಿತ್ತೆಂದು ಅನೇಕರು ಊಹಿಸಿದ್ದಾರೆ. ಕೆಲಸ ಮಾಡಲೊಲ್ಲದವನು ಊಟ ಮಾಡಬಾರದು ಎಂದು ಪೌಲನು ಖಂಡಿತವಾಗಿ ಬರೆದನು. ಕರ್ತನ ಬರೋಣದ ಪ್ರಖ್ಯಾತ ವಾಕ್ಯಭಾಗಕ್ಕೆ ಸ್ವಲ್ಪ ಮೊದಲು, ನಿಮ್ಮ ಕೈಯಾರೆ ಕೆಲಸ ಮಾಡಿರಿ ಎಂಬ ಬುದ್ಧಿಮಾತು ಇರುವುದನ್ನೂ ಗಮನಿಸಬೇಕು (1 ಥೆಸಲೋನಿಕ 4:11). ಪುನರುತ್ಥಾನದ ದೀರ್ಘ ಅಧ್ಯಾಯವಾದ 1 ಕೊರಿಂಥ 15 ಮುಗಿಯುವುದು ಕರ್ತನಲ್ಲಿ ನೀವು ಪಡುವ ಪ್ರಯಾಸ ನಿಷ್ಫಲವಾಗುವುದಿಲ್ಲ ಎಂಬ ಮಾತಿನಿಂದ.

ಸಿದ್ಧರಾಗಿರುವುದೆಂದರೇನು?

ಸದಾ ಉದ್ವೇಗದಲ್ಲಿರುವುದಲ್ಲ. ಮತ್ತಾಯ 25ರ ಹತ್ತು ಮಂದಿ ಕನ್ಯೆಯರ ಸಾಮ್ಯದಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಬೀಳದ ಒಂದು ಸಂಗತಿಯಿದೆ: ಮದಲಿಂಗನು ತಡಮಾಡಿದಾಗ ಹತ್ತು ಮಂದಿಯೂ ತೂಕಡಿಸಿ ಮಲಗಿದರು. ಬುದ್ಧಿವಂತೆಯರೂ ನಿದ್ದೆಹೋದರು, ಅದಕ್ಕಾಗಿ ಅವರನ್ನು ಯಾರೂ ಗದರಲಿಲ್ಲ. ವ್ಯತ್ಯಾಸವಿದ್ದದ್ದು ಜೊತೆಯಲ್ಲಿ ತಂದ ಎಣ್ಣೆಯಲ್ಲಿ. ತಡವಾದೀತೆಂದು ಬುದ್ಧಿವಂತೆಯರು ಮೊದಲೇ ಯೋಚಿಸಿದ್ದರು. ಉಳಿದವರು ಬೇಗನೆ ಮುಗಿಯುವ ಕಾಯುವಿಕೆಗೆ ಮಾತ್ರ ತಯಾರಾಗಿ ಬಂದಿದ್ದರು.

ಅದೇ ಅಧ್ಯಾಯದ ಮುಂದಿನ ಭಾಗದಲ್ಲಿ ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವಾಗ ಅರಸನು ಹಸಿದವನಿಗೆ ಕೊಟ್ಟ ಊಟವನ್ನು, ಬಾಯಾರಿದವನಿಗೆ ಕೊಟ್ಟ ನೀರನ್ನು, ಸೆರೆಮನೆಗೆ ಮಾಡಿದ ಭೇಟಿಯನ್ನು ನೆನಪಿಸುತ್ತಾನೆ. ಮಾಡಿದವರಿಗೆ ತಾವು ಯಾರಿಗೆ ಮಾಡಿದೆವೆಂಬುದೇ ಗೊತ್ತಿರಲಿಲ್ಲ. ಕಾಯುವುದೆಂದರೆ ದಿನನಿತ್ಯದ ಪ್ರಾರ್ಥನೆ, ಪ್ರಾಮಾಣಿಕ ದುಡಿಮೆ, ಮುರಿದ ಸಂಬಂಧವನ್ನು ನಾಳೆಗೆ ಮುಂದೂಡದೆ ಸರಿಪಡಿಸಿಕೊಳ್ಳುವುದು, ಎದುರಿಗಿರುವ ಅಲ್ಪನಾದವನಲ್ಲಿ ಕರ್ತನನ್ನು ಗುರುತಿಸುವುದು. ಇದಕ್ಕಿಂತ ರೋಮಾಂಚಕವಾದ ಸಿದ್ಧತೆಯನ್ನು ಸುವಾರ್ತೆಗಳು ಕೇಳುವುದಿಲ್ಲ.

ಸಭೆಯ ಆರಾಧನೆಯಲ್ಲಿ ಈ ನಿರೀಕ್ಷೆಗೆ ಎಲ್ಲಿ ಸ್ಥಾನವಿದೆ?

ಕರ್ತನ ಭೋಜನದಲ್ಲಿ ರೊಟ್ಟಿಯನ್ನು ತಿಂದು ಪಾತ್ರೆಯಲ್ಲಿ ಕುಡಿಯುವಾಗಲೆಲ್ಲಾ ಆತನು ಬರುವ ತನಕ ಆತನ ಮರಣವನ್ನು ಸಾರುತ್ತೇವೆಂದು ಪೌಲನು ಬರೆದಿದ್ದಾನೆ. ಆ ಮೇಜಿನ ಬಳಿ ಕಲ್ವಾರಿಯೂ ಇದೆ, ಬರುವ ದಿನವೂ ಇದೆ. ಕ್ರಿಸ್ತ ಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಆಗಮನ ಕಾಲವು ಗೋದಲಿಯ ತಯಾರಿಗಷ್ಟೇ ಇರುವುದಲ್ಲ. ಅದರ ಮೊದಲ ವಾರಗಳ ವೇದಪಾಠಗಳು ಎರಡನೆಯ ಬರೋಣದ ಕುರಿತಾದವು. ಅರಾಮಿಕ್ ಮಾತನಾಡುತ್ತಿದ್ದ ಮೊದಲ ವಿಶ್ವಾಸಿಗಳ ‘ಮಾರಾನಾಥಾ’ (ನಮ್ಮ ಕರ್ತನೇ, ಬಾ) ಎಂಬ ಪ್ರಾರ್ಥನೆ ಗ್ರೀಕ್ ಭಾಷೆಯ ಪತ್ರದಲ್ಲಿಯೂ ಹಾಗೆಯೇ ಉಳಿದಿದೆ (1 ಕೊರಿಂಥ 16:22), ಮತ್ತು ಬೈಬಲಿನ ಕೊನೆಯ ಪುಟದಲ್ಲಿ ಕರ್ತನಾದ ಯೇಸುವೇ, ಬಾ ಎಂಬ ರೂಪದಲ್ಲಿ ಮತ್ತೆ ಕೇಳಿಬರುತ್ತದೆ.

ಇಂಥ ದಿನದಂದೇ ಕರ್ತನು ಬರುವನೆಂಬ ಸಂದೇಶ ಫೋನಿಗೆ ಬಂದರೆ ಏನು ಮಾಡಬೇಕು?

ಬೇರೆ ಯಾರಿಗೂ ಕಳುಹಿಸಬೇಡಿರಿ. ಕಳುಹಿಸಿದವರು ನಿಮ್ಮ ಆಪ್ತರಾಗಿದ್ದರೆ ಹಂಗಿಸದೆ, ಮಾರ್ಕ 13:32ನ್ನು ಅವರೊಡನೆ ಕುಳಿತು ಓದಿರಿ. ದಿನಾಂಕವನ್ನು ನಂಬಿ ಯಾರಾದರೂ ಕೆಲಸ ಬಿಡಲು, ಆಸ್ತಿಯನ್ನು ಮಾರಿ ಬೋಧಕನ ಕೈಗೆ ಕೊಡಲು, ಅಥವಾ ಔಷಧವನ್ನು ನಿಲ್ಲಿಸಲು ಹೊರಟಿದ್ದರೆ ಅದನ್ನು ಭಕ್ತಿಯ ವಿಷಯವೆಂದು ಸುಮ್ಮನಿರದೆ, ಅವರ ಮನೆಯವರಿಗೂ ಅವರ ಸಭಾಪಾಲಕರಿಗೂ ತಡಮಾಡದೆ ತಿಳಿಸಿರಿ. ಆ ದಿನಾಂಕ ಕಳೆದ ಮೇಲೆ ಅವರನ್ನು ಮತ್ತೆ ಭೇಟಿಯಾಗಿರಿ. ಹಿಂದಿನ ಇಂಥ ಸಂದರ್ಭಗಳಲ್ಲಿ ಅನೇಕರು ನಂಬಿಕೆಯನ್ನೇ ತೊರೆದದ್ದು ಸುಳ್ಳಾದ ಮರುದಿನದ ಅವಮಾನದಲ್ಲಿ.